ಹಳೇ ಡೆಸ್ಕ್‌ಟಾಪ್ ತಾನಾಗಿಯೇ ಆಫ್ ಆಗುತ್ತಿದೆಯೇ? ಬಿಡಿಭಾಗ ಕೊಳ್ಳುವ ಮೊದಲು ಇವನ್ನು ನೋಡಿ

ಗದಗಿನ ಮುದ್ರಣಾಲಯಗಳಲ್ಲಿ, ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಹತ್ತು-ಇಪ್ಪತ್ತು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಅವನ್ನು ಸುಲಭವಾಗಿ ಬಿಡಲು ಆಗುವುದಿಲ್ಲ. ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳು, ನುಡಿ ಫಾಂಟ್‌ನಲ್ಲಿರುವ ಪುಸ್ತಕಗಳು, ವರ್ಷಗಟ್ಟಲೆಯ ಟ್ಯಾಲಿ ಲೆಕ್ಕ, ಪ್ಯಾರಲಲ್ ಪೋರ್ಟ್ ಇದ್ದರೆ ಮಾತ್ರ ಓಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಎಲ್ಲವೂ ಆ ಯಂತ್ರವನ್ನೇ ನಂಬಿಕೊಂಡಿವೆ. ಅದು ಕೆಲಸದ ನಡುವೆ ಫಟ್ಟನೆ ಆಫ್ ಆದರೆ ಎಂಥವರಿಗೂ ಕೈಕಾಲು ಆಡುವುದಿಲ್ಲ.

ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಕೇಳುವ ಮಾತು ಒಂದೇ: "ಎಸ್‌ಎಂಪಿಎಸ್ ಹೋಗೇತ್ರಿ, ಬದಲಿ ಮಾಡೂಣ್ರಿ." ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಂತೆ ಬದಲಿಸಿ ಕೊಡುವ, ಕ್ಯಾಬಿನೆಟ್ ಒಳಗಿನ ಡಬ್ಬಿ. ಕೆಲವೊಮ್ಮೆ ಆ ಮಾತು ನಿಜ. ಆದರೆ ಎಷ್ಟೋ ಸಲ ಹೊಸ ಎಸ್‌ಎಂಪಿಎಸ್ ಹಾಕಿ ತಂದ ಮೇಲೂ ಯಂತ್ರ ಮೊದಲಿನ ಹಾಗೇ ಆಫ್ ಆಗುತ್ತದೆ. ಯಾಕೆಂದರೆ ಅದು ಯಾವಾಗ, ಹೇಗೆ ಆಫ್ ಆಗುತ್ತದೆ ಎಂದು ಯಾರೂ ನೋಡಿರುವುದಿಲ್ಲ. ಅರ್ಧ ಉತ್ತರ ಇರುವುದು ಅಲ್ಲೇ. ಉಳಿದರ್ಧಕ್ಕೆ ಗೋಡೆಯ ಪ್ಲಗ್‌ನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಒಳಗಿನ ಮುಖ್ಯ ಬೋರ್ಡ್) ಕಡೆ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಎಲ್ಲಕ್ಕೂ ಮೊದಲು ಡೇಟಾ

ಹೀಗೆ ಅಚಾನಕ್ಕಾಗಿ ಆಫ್ ಆಗುವುದರಿಂದ ಮೊದಲು ಪೆಟ್ಟು ತಿನ್ನುವುದು ಹಾರ್ಡ್‌ಡಿಸ್ಕ್ ಮತ್ತು ಅದರಲ್ಲಿ ತೆರೆದಿರುವ ಫೈಲ್. ಹಾಗಾಗಿ ಯಂತ್ರ ಇನ್ನೂ ಆನ್ ಆಗುತ್ತಿರುವಾಗಲೇ ಮುಖ್ಯವಾದದ್ದನ್ನೆಲ್ಲ ಪೆನ್‌ಡ್ರೈವ್‌ಗೋ ಬೇರೆ ಡಿಸ್ಕ್‌ಗೋ ಕಾಪಿ ಮಾಡಿಕೊಳ್ಳಿ. ಟ್ಯಾಲಿಯ ಡೇಟಾ ಫೋಲ್ಡರ್, ಪೇಜ್‌ಮೇಕರ್ ಫೈಲ್‌ಗಳು, ಜೊತೆಗೆ ಫಾಂಟ್‌ಗಳ ಫೋಲ್ಡರ್. ಫಾಂಟ್ ಮರೆತರೆ ಬೇರೆ ಯಂತ್ರದಲ್ಲಿ ಆ ಫೈಲ್ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

"ಫಾರ್ಮ್ಯಾಟ್ ಮಾಡಿದರೆ ಸರಿ ಹೋಗುತ್ತೆ" ಎಂದು ಯಾರಾದರೂ ಹೇಳಿದರೆ ಈಗಲೇ ಒಪ್ಪಬೇಡಿ. ಬಿಸಿಯಿಂದಲೋ ಕರೆಂಟಿನ ತೊಂದರೆಯಿಂದಲೋ ಆಫ್ ಆಗುವ ಯಂತ್ರಕ್ಕೆ ಫಾರ್ಮ್ಯಾಟ್‌ನಿಂದ ಏನೂ ಆಗುವುದಿಲ್ಲ. ಹಳೇ ಸಾಫ್ಟ್‌ವೇರ್, ಅದರ ಕೀ, ಡ್ರೈವರ್‌ಗಳು ಮಾತ್ರ ಸುಮ್ನೆ ಹೋಗುತ್ತವೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಎಕ್ಸ್‌ಪಿಗೆ 2014ರಲ್ಲೇ ನಿಂತಿದೆ. ಇವನ್ನು ಮತ್ತೆ ಹಾಕಿ ಮೊದಲಿನ ಸ್ಥಿತಿಗೆ ತರುವುದು ಈಗ ದೊಡ್ಡ ಕೆಲಸ.

ಆಫ್ ಆಗುವ ರೀತಿಯನ್ನು ಬರೆದಿಡಿ

ಯಂತ್ರದ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಸಲ ಆಫ್ ಆದಾಗ ಗಂಟೆ ಎಷ್ಟು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಏನು ಕೆಲಸ ನಡೆದಿತ್ತು, ಲೈಟು ಮಿಣುಕಿತ್ತಾ ಎಂದು ಬರೆಯಿರಿ. ಎರಡು-ಮೂರು ದಿನ ಬರೆದರೆ ಒಂದು ಕ್ರಮ ಕಾಣತೊಡಗುತ್ತದೆ.

ಬೆಳಿಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನ ಆಫ್ ಆಗುತ್ತದೆ, ತಕ್ಷಣ ಆನ್ ಮಾಡಿದರೆ ಇನ್ನೂ ಬೇಗ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ನಡೆಯುತ್ತದೆ ಅಂದರೆ ಅದು ಬಿಸಿ. ಲೈಟು ಮಿಣುಕಿದಾಗ, ನೀರಿನ ಮೋಟಾರ್ ಹಾಕಿದಾಗ ಮಾತ್ರ ಆಫ್ ಆದರೆ ಯುಪಿಎಸ್ ಅಥವಾ ಎಸ್‌ಎಂಪಿಎಸ್ ಕಡೆ ನೋಡಬೇಕು. ವಿಂಡೋಸ್ ದೊಡ್ಡ ತಪ್ಪಿಗೆ ಸಿಕ್ಕಿ ನಿಂತಾಗ ತೋರಿಸುವ ನೀಲಿ ಪರದೆ ಬಂದು ಮತ್ತೆ ಶುರುವಾದರೆ ಅನುಮಾನ ರ‍್ಯಾಮ್, ಡ್ರೈವರ್ ಅಥವಾ ಹಾರ್ಡ್‌ಡಿಸ್ಕ್ ಮೇಲೆ. ಬಟನ್ ಒತ್ತಿದ ನಾಲ್ಕೇ ಸೆಕೆಂಡಿಗೆ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಆಫ್ ಆದರೆ ಪವರ್ ಬಟನ್ನೇ ಒಳಗೆ ಸಿಕ್ಕಿಕೊಂಡಿರಬಹುದು. ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆಫ್ ಆಗುವ ವ್ಯವಸ್ಥೆ ಬಹುತೇಕ ಎಲ್ಲ ಮದರ್‌ಬೋರ್ಡ್‌ನಲ್ಲೂ ಇದೆ, ಸಿಕ್ಕಿಕೊಂಡ ಬಟನ್ ಅದೇ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಪರದೆ ಕಪ್ಪಾಗಿ ಪವರ್ ಲೈಟು ಮಿಣುಕುತ್ತಿದ್ದರೆ ಯಂತ್ರ ಆಫ್ ಆಗಿಲ್ಲ, ಸ್ಲೀಪ್‌ಗೆ ಹೋಗಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು.

ವಿಂಡೋಸ್ ಏನು ಬರೆದಿಟ್ಟಿದೆ

ವಿಂಡೋಸ್ 7 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಒತ್ತಿ, ಆಫ್ ಆದ ಹೊತ್ತಿನ ಸಾಲುಗಳನ್ನು ನೋಡಿ. ಕರ್ನಲ್-ಪವರ್ 41 ಎಂಬ ಸಾಲು ಕಂಡರೆ ಜನ ಹೆದರುತ್ತಾರೆ. ಅದರ ಅರ್ಥ ಇಷ್ಟೇ: ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಕಾರಣವನ್ನು ಅದು ಹೇಳುವುದಿಲ್ಲ. ಅದರ ಡೀಟೇಲ್ಸ್ ಭಾಗದಲ್ಲಿ ಬಗ್‌ಚೆಕ್‌ಕೋಡ್ ಎಂದಿರುತ್ತದೆ. ಅಲ್ಲಿ 0 ಇದ್ದರೆ ಸಾಮಾನ್ಯವಾಗಿ ಕರೆಂಟ್ ಕಡಿದಂತೆ ಒಮ್ಮೆಲೇ ಆಫ್ ಆಗಿದೆ. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು, ನೀವು ನೋಡಿಲ್ಲ ಅಷ್ಟೆ. 1074 ಎಂಬ ಸಾಲು ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ತಾನೇ ಶಟ್‌ಡೌನ್ ಮಾಡಿಸಿದೆ. ಯಾವುದು ಎಂಬ ಹೆಸರೂ ಅಲ್ಲೇ ಇರುತ್ತದೆ.

ನೀಲಿ ಪರದೆ ಕಣ್ಣಿಗೆ ಬೀಳಲಿ ಎಂದರೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಸ್ಟಾರ್ಟಪ್ ಆಂಡ್ ರಿಕವರಿ ತನಕ ಹೋಗಿ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಎಂಬುದರ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಅಲ್ಲೇ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಪ್ಲಗ್, ವೈರು, ಯುಪಿಎಸ್

ಕ್ಯಾಬಿನೆಟ್ ಹಿಂದಿನ ಪವರ್ ಕೇಬಲ್ ಎಷ್ಟೋ ಕಡೆ ಸಡಿಲವಾಗಿರುತ್ತದೆ. ಕಾಲು ತಾಗಿದರೆ, ಟೇಬಲ್ ಅಲುಗಾಡಿದರೆ ಆಫ್. ಎರಡೂ ತುದಿ ಗಟ್ಟಿಯಾಗಿ ಒತ್ತಿ, ಆಮೇಲೂ ಸಡಿಲ ಅನಿಸಿದರೆ ಕೇಬಲ್ ಬದಲಿಸಿ. ಎಕ್ಸ್‌ಟೆನ್ಶನ್ ಬೋರ್ಡ್‌ನ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಅದನ್ನು ಆ ದಿನವೇ ತೆಗೆದುಹಾಕಿ.

ಈಗ ಯುಪಿಎಸ್. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಗಾಳಿ-ಗುಡುಗಿನ ಮಳೆ ಬರುವಾಗ ಕರೆಂಟ್ ಕ್ಷಣಕ್ಕೊಮ್ಮೆ ಹೋಗಿ ಬರುತ್ತದೆ. ಆಗ ಯಂತ್ರವನ್ನು ಹಿಡಿದು ನಿಲ್ಲಿಸಬೇಕಾದದ್ದು ಯುಪಿಎಸ್. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ. ಎರಡು-ಮೂರು ವರ್ಷ ಕಳೆದ ಮೇಲೆ, ಅದರಲ್ಲೂ ಬಿಸಿಲಿನ ಊರಲ್ಲಿ, ಅದರ ಶಕ್ತಿ ಕುಗ್ಗುತ್ತದೆ. ಯುಪಿಎಸ್ ಲೈಟು ಮಾತ್ರ ಹಸಿರಾಗಿಯೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಪರೀಕ್ಷೆ ಸುಲಭ. ಯುಪಿಎಸ್ ರಾತ್ರಿಯಿಡೀ ಚಾರ್ಜ್ ಆಗಲಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಏನೂ ಫೈಲ್ ತೆರೆಯದೆ, ಯುಪಿಎಸ್‌ನ ಸ್ವಿಚ್ ಗೋಡೆಯ ಕಡೆ ಆಫ್ ಮಾಡಿ. ಐದಾರು ನಿಮಿಷವೂ ಹಿಡಿಯದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಇಡೀ ಯುಪಿಎಸ್ ಕೊಳ್ಳಬೇಕಿಲ್ಲ, ಬ್ಯಾಟರಿ ಬಿಡಿಯಾಗಿ ಸಿಗುತ್ತದೆ. ಪರೀಕ್ಷೆಯಲ್ಲಿ ಗೆದ್ದರೂ ಒಂದು ದಿನ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ನಿಂದ ನಡೆಸಿ ನೋಡಿ. ಆ ದಿನ ಒಮ್ಮೆಯೂ ಆಫ್ ಆಗದಿದ್ದರೆ ಅಪರಾಧಿ ಯುಪಿಎಸ್ಸೇ.

ಲೇಸರ್ ಪ್ರಿಂಟರ್ ಇರುವ ಅಂಗಡಿ, ಪ್ರೆಸ್‌ನವರು ಇದನ್ನು ಗಮನಿಸಿ. ಲೇಸರ್ ಪ್ರಿಂಟರ್ ಕಾಗದವನ್ನು ಬಿಸಿ ರೋಲರ್‌ನಲ್ಲಿ ಒತ್ತುತ್ತದೆ. ಆ ರೋಲರ್ ಕಾಯುವಾಗ ಅದು ಕೆಲವು ನೂರು ವ್ಯಾಟ್ ಎಳೆಯುತ್ತದೆ. 600 ವಿಎ ಎಂದು ಬರೆದ ಯುಪಿಎಸ್ ಕೊಡುವುದೇ ಸುಮಾರು 360 ವ್ಯಾಟ್. ಪ್ರಿಂಟ್ ಕೊಟ್ಟಾಗಲೇ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಪ್ರಿಂಟರ್‌ನ ಪ್ಲಗ್ ಎಲ್ಲಿದೆ ನೋಡಿ. ಯುಪಿಎಸ್‌ನಿಂದ ತೆಗೆದು ಗೋಡೆಗೆ ಹಾಕಿದರೆ ಸಾಕು, ಒಂದು ರೂಪಾಯಿಯೂ ಖರ್ಚಿಲ್ಲ.

ಕ್ಯಾಬಿನೆಟ್‌ನ ಲೋಹ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಅಥವಾ ಕಡಿದಿದೆ. ಅದನ್ನು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.

ಬಯಾಸ್‌ನಲ್ಲಿ ಬಿಟ್ಟು ನೋಡಿ

ತಪ್ಪು ವಿಂಡೋಸ್‌ನದೋ ಯಂತ್ರದ್ದೋ ಎಂದು ತಿಳಿಯಲು ಇದಕ್ಕಿಂತ ಸರಳ ದಾರಿ ಇಲ್ಲ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಹೋಗಿ, ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ಸಿಗುವ, ಯಂತ್ರದ ಸ್ವಂತ ಸೆಟ್ಟಿಂಗ್ ಪರದೆ) ತೆರೆಯುತ್ತದೆ. ಪಿಸಿ ಹೆಲ್ತ್ ಅಥವಾ ಹಾರ್ಡ್‌ವೇರ್ ಮಾನಿಟರ್ ಎಂಬ ಪುಟದಲ್ಲಿ ಸಿಪಿಯು ಎಷ್ಟು ಬಿಸಿ ಇದೆ, ಫ್ಯಾನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಕಾಣುತ್ತದೆ. ಆ ಪುಟದಲ್ಲೇ ಒಂದು ಗಂಟೆ ಬಿಡಿ. ಅಲ್ಲೂ ಆಫ್ ಆದರೆ ವಿಂಡೋಸ್, ವೈರಸ್ ಯಾವುದರದೂ ತಪ್ಪಿಲ್ಲ, ಯಂತ್ರದ್ದೇ ದೋಷ.

ಉಷ್ಣತೆ 40ರಿಂದ 60 ಡಿಗ್ರಿ ಒಳಗೆ ನಿಂತರೆ ಚಿಂತೆ ಬೇಡ. ನೋಡನೋಡುತ್ತ 80 ದಾಟಿ ಏರುತ್ತಲೇ ಹೋದರೆ ಆಫ್ ಮಾಡಿ ಮುಂದಿನ ಭಾಗಕ್ಕೆ ಹೋಗಿ. ಸಿಪಿಯು ಸುಟ್ಟುಹೋಗಬಾರದು ಎಂದು ಒಂದು ಮಿತಿ ದಾಟಿದ ಕೂಡಲೇ ಅದೇ ಕರೆಂಟ್ ಕಡಿಸುತ್ತದೆ. ಹಾಗಾಗಿ ಬಿಸಿಯಿಂದ ಆಫ್ ಆಗುವುದು ಯಂತ್ರ ಕೆಟ್ಟಿದ್ದರಿಂದಲ್ಲ, ತನ್ನನ್ನು ಕಾಪಾಡಿಕೊಳ್ಳುವುದಕ್ಕೆ.

ಧೂಳು ಮತ್ತು ಬಿಸಿ

ಹಳೇ ಯಂತ್ರಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಾರಣ ಇದೇ. ಎರೆಮಣ್ಣಿನ ಊರುಗಳ ಸಣ್ಣ ಧೂಳು, ಹತ್ತಿ ಅಂಗಡಿಯ ಎಳೆಗಳು, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಪುಡಿ, ಎಲ್ಲವನ್ನೂ ಫ್ಯಾನ್ ಒಳಗೆ ಎಳೆದು ಹೀಟ್‌ಸಿಂಕ್‌ನ (ಸಿಪಿಯು ಮೇಲೆ ಕೂತು ಅದರ ಬಿಸಿ ಹೊರಹಾಕುವ ಲೋಹದ ತುಂಡು) ಸಂದುಗಳಲ್ಲಿ ತುಂಬುತ್ತದೆ. ಹತ್ತಿಯ ಎಳೆ ಎಲ್ಲಕ್ಕಿಂತ ಕೆಟ್ಟದ್ದು. ಅದು ಫ್ಯಾನ್‌ಗೂ ಹೀಟ್‌ಸಿಂಕ್‌ಗೂ ನಡುವೆ ಪದರವಾಗಿ ಕೂರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ, ಕೆಳಗೆ ಗಾಳಿಯೇ ಹೋಗುತ್ತಿರುವುದಿಲ್ಲ.

ಶುಚಿ ಮಾಡುವ ಮೊದಲು ಪ್ಲಗ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎಲ್ಲ ವೈರು ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ಯಿರಿ. ಮುಖಕ್ಕೆ ಮಾಸ್ಕ್ ಇರಲಿ. ಮೆಣಸಿನಕಾಯಿ ಅಂಗಡಿಯ ಯಂತ್ರವಾದರೆ ಕನ್ನಡಕವೂ ಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಆ ಪುಡಿ ಕಣ್ಣಿಗೆ ಬಿದ್ದರೆ ಆ ದಿನದ ಕೆಲಸ ಮುಗಿದಂತೆ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್‌ನ ಬರಿ ಲೋಹವನ್ನು ಒಮ್ಮೆ ಮುಟ್ಟಿ.

ಬ್ಲೋವರ್‌ನಿಂದ ಊದುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಬಿಟ್ಟರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಸಂದಿಗೆ ಒಣಗಿದ ಮೆತ್ತನೆಯ ಪೇಂಟ್ ಬ್ರಶ್ ಸಾಕು. ಒದ್ದೆ ಬಟ್ಟೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯನ್ನೂ ಬೋರ್ಡ್‌ಗೆ ತಾಗಿಸಬೇಡಿ, ಸ್ಥಿರ ವಿದ್ಯುತ್ತಿನಿಂದ ಚಿಪ್ ಸಾಯಬಹುದು. ಎಸ್‌ಎಂಪಿಎಸ್‌ನ ಜಾಲರಿಗೆ ಹೊರಗಿನಿಂದಲೇ ಊದಿ.

ಧೂಳು ಹೋದ ಮೇಲೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ. ಸಿಪಿಯುಗೂ ಹೀಟ್‌ಸಿಂಕ್‌ಗೂ ನಡುವೆ ಇರುವ ಆ ಬೂದು ಬಣ್ಣದ ಲೇಪ ಕೆಲವು ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇಂಟೆಲ್‌ನ ಹಳೇ ಹೀಟ್‌ಸಿಂಕ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು ಇರುತ್ತವೆ. ಪ್ರತಿಯೊಂದರ ತಲೆಯನ್ನು ಅದರ ಮೇಲಿರುವ ಬಾಣದ ಕಡೆಗೆ ತಿರುಗಿಸಿ ಮೇಲಕ್ಕೆ ಎಳೆದರೆ ಬಿಚ್ಚುತ್ತದೆ. ನಾಲ್ಕರಲ್ಲಿ ಒಂದು ಕಾಲು ಮುರಿದು ಹೀಟ್‌ಸಿಂಕ್ ಒಂದು ಕಡೆ ಎದ್ದಿರುವುದು ತುಂಬ ಸಾಮಾನ್ಯ, ಆನ್ ಮಾಡಿದ ಕೆಲವೇ ನಿಮಿಷದಲ್ಲಿ ಆಫ್ ಆಗುವ ಯಂತ್ರಗಳಲ್ಲಿ ಇದನ್ನು ಮೊದಲು ನೋಡಿ. ಎಎಂಡಿ ಹಳೇ ಬೋರ್ಡ್‌ಗಳಲ್ಲಿ ಒಂದು ಎಚ್ಚರ ಬೇಕು: ಒಣಗಿದ ಪೇಸ್ಟ್ ಅಂಟಿಕೊಂಡು ಸಿಪಿಯುವೇ ಹೀಟ್‌ಸಿಂಕ್ ಜೊತೆ ಕಿತ್ತು ಬರುತ್ತದೆ, ಅದರ ಪಿನ್ನುಗಳು ಬಾಗುತ್ತವೆ. ಅದಕ್ಕೆ ಹತ್ತು ನಿಮಿಷ ಯಂತ್ರ ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್‌ಸಿಂಕ್ಕನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲುಗಿಸುತ್ತಾ ಬಿಡಿಸಿಕೊಳ್ಳಿ. ನೇರ ಮೇಲಕ್ಕೆ ಎಳೆಯಬೇಡಿ.

ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಟಿಶ್ಯೂದಿಂದ ಎರಡೂ ಕಡೆ ಒರೆಸಿ ಹೊಳೆಯುವಂತೆ ಮಾಡಿ. ಹೊಸದನ್ನು ಸಿಪಿಯು ನಡುವೆ ಒಂದು ಜೋಳದ ಕಾಳಿನಷ್ಟು ಇಟ್ಟರೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂಬುದು ತಪ್ಪು, ಹೆಚ್ಚಾದದ್ದು ಹೊರಗೆ ಚೆಲ್ಲುತ್ತದೆ. ಕಾಲುಗಳ ತಲೆಯನ್ನು ಮೊದಲಿನ ಜಾಗಕ್ಕೆ ತಿರುಗಿಸಿಟ್ಟು, ಎದುರುಬದುರು ಮೂಲೆಯ ಎರಡನ್ನು ಒತ್ತಿ, ಆಮೇಲೆ ಉಳಿದೆರಡು. ಪ್ರತಿಯೊಂದೂ ಟಕ್ ಎಂದು ಕೂರಬೇಕು. ಫ್ಯಾನ್‌ನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಪಿನ್ನಿಗೇ ಹಾಕಿ. ಅಲ್ಲಿ ಫ್ಯಾನ್ ತಿರುಗುವುದು ಕಾಣದಿದ್ದರೆ ಕೆಲವು ಬೋರ್ಡ್‌ಗಳು ತಾವಾಗಿಯೇ ಆಫ್ ಆಗುತ್ತವೆ.

ಯಂತ್ರ ಇಡುವ ಜಾಗವೂ ಮುಖ್ಯ. ಟೇಬಲ್‌ನ ಬಾಗಿಲಿರುವ ಖಾನೆಯೊಳಗೆ ಇಟ್ಟರೆ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊಲಿಸಿದ ಬಟ್ಟೆಯ ಕವರ್ ಆಫ್ ಆಗಿದ್ದಾಗ ಮಾತ್ರ ಹಾಕಿ. ಹೊರಗೆ 38–40 ಡಿಗ್ರಿ ಬಿಸಿಲಿರುವಾಗ ತಗಡಿನ ಮಾಡಿನ ಅಂಗಡಿಯಲ್ಲಿ ಇವೆಲ್ಲ ಸಣ್ಣ ವಿಷಯ ಅಲ್ಲ.

ಎಸ್‌ಎಂಪಿಎಸ್

ಬಿಸಿ ಇಲ್ಲ, ಯುಪಿಎಸ್ ಸರಿ ಇದೆ, ಆದರೂ ಆಫ್ ಆಗುತ್ತಿದೆ ಎಂದರೆ ಈಗ ಎಸ್‌ಎಂಪಿಎಸ್ ಸರದಿ. ಅದರ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. 230 ವೋಲ್ಟ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ವಿದ್ಯುತ್ ಹಿಡಿದಿಡುವ ಕೆಪ್ಯಾಸಿಟರ್‌ನಲ್ಲಿ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಮಲ್ಟಿಮೀಟರ್ ಇದ್ದರೆ ಯಂತ್ರ ಆನ್ ಇರುವಾಗ ಉಪಯೋಗಿಸದ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಅಳೆಯಿರಿ. ಹಳದಿ ವೈರು ಮತ್ತು ಕಪ್ಪು ನಡುವೆ 11.4ರಿಂದ 12.6 ವೋಲ್ಟ್ ಇರಬೇಕು, ಕೆಂಪು ಮತ್ತು ಕಪ್ಪು ನಡುವೆ 4.75ರಿಂದ 5.25. ಸುಮ್ಮನಿದ್ದಾಗ 12 ತೋರಿಸಿ, ವಿಡಿಯೋ ಹಾಕಿದ ಕೂಡಲೇ 11.2ಕ್ಕೆ ಕುಸಿದರೆ ಎಸ್‌ಎಂಪಿಎಸ್ ಸೋತಿದೆ. ಎರಡು ಪ್ರೋಬ್ ಒಂದಕ್ಕೊಂದು ತಾಗದಂತೆ ಹಿಡಿಯಿರಿ.

ಮೀಟರ್ ಸರಿ ತೋರಿಸಿದರೂ ಪೂರ್ತಿ ನಂಬುವಂತಿಲ್ಲ. ಕರೆಂಟ್ ಕ್ಷಣ ಹೊತ್ತು ಕಡಿದರೆ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಹಿಡಿದು ನಿಲ್ಲಬೇಕು. ಅಷ್ಟರಲ್ಲಿ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ. ಒಳಗಿನ ಕೆಪ್ಯಾಸಿಟರ್ ಮುದಿಯಾದರೆ ಆ ತಾಳಿಕೆ ಇರುವುದಿಲ್ಲ. ಹೊಸ ಬ್ಯಾಟರಿ ಹಾಕಿದ ಯುಪಿಎಸ್ ಇದ್ದರೂ ಕರೆಂಟ್ ಹೋದ ಕ್ಷಣ ಆಫ್ ಆಗುವುದು ಇದರಿಂದಲೇ. ಖಾತ್ರಿ ಮಾಡಿಕೊಳ್ಳಲು ಗೆಳೆಯರ ಯಂತ್ರದ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನದ ಮಟ್ಟಿಗೆ ಹಾಕಿ ನೋಡುವುದೇ ಒಳ್ಳೇದು.

ಹೊಸದು ಕೊಳ್ಳುವಾಗ ಡಬ್ಬಿ ಮೇಲಿನ ದೊಡ್ಡ ಅಕ್ಷರದ 450 ವ್ಯಾಟ್ ನೋಡಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. 16 ಆಂಪಿಯರ್ ಅಂದರೆ 12 ವೋಲ್ಟ್ ಕಡೆ ಸಿಗುವುದು 192 ವ್ಯಾಟ್ ಅಷ್ಟೆ. ಕೈಯಲ್ಲಿ ಹಿಡಿದಾಗ ಹಗುರ ಅನಿಸುವ, ಅತಿ ಅಗ್ಗದ ಎಸ್‌ಎಂಪಿಎಸ್ ಹಳೇ ಯಂತ್ರಕ್ಕೂ ಬೇಡ.

ಬಟನ್, ಯುಎಸ್‌ಬಿ, ರ‍್ಯಾಮ್

ಬಟನ್ ಮೇಲೆ ಅನುಮಾನವಿದ್ದರೆ ಯಂತ್ರ ಆನ್ ಆದ ತಕ್ಷಣ ಮದರ್‌ಬೋರ್ಡ್‌ನಿಂದ ಪವರ್ ಸ್ವಿಚ್‌ನ ಸಣ್ಣ ಕನೆಕ್ಟರ್ ತೆಗೆಯಿರಿ. ಆಮೇಲೆ ಆಫ್ ಆಗದಿದ್ದರೆ ಬಟನ್ನೇ ಕಾರಣ. ರೀಸೆಟ್ ಬಟನ್‌ನ ವೈರನ್ನು ಪವರ್ ಪಿನ್ನಿಗೆ ಹಾಕಿಕೊಂಡರೆ ಅದೇ ಆನ್-ಆಫ್ ಬಟನ್ ಆಗುತ್ತದೆ.

ಪೆನ್‌ಡ್ರೈವ್ ಚುಚ್ಚಿದಾಗ ಮಾತ್ರ ಆಫ್ ಆದರೆ ಮುಂದಿನ ಯುಎಸ್‌ಬಿ ಸಾಕೆಟ್‌ಗೆ ಟಾರ್ಚ್ ಹಾಕಿ ನೋಡಿ. ಒಳಗಿನ ಪಟ್ಟಿ ಬಾಗಿ ಲೋಹಕ್ಕೆ ತಾಗುತ್ತಿರುತ್ತದೆ. ಬೋರ್ಡ್‌ನಿಂದ ಅದರ ವೈರು ತೆಗೆದು ಹಿಂದಿನ ಸಾಕೆಟ್ ಬಳಸಿ.

ರ‍್ಯಾಮ್ ತೆಗೆದು ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಬೀಳುವಂತೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಒಂದೊಂದು ದಿನ ನಡೆಸಿ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಿದಾಗ ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ಬೇಡ. ಬೋರ್ಡ್ ಮೇಲಿನ ಸಿಆರ್2032 ಸೆಲ್ ಬಗ್ಗೆ ಹಲವರು ಕೇಳುತ್ತಾರೆ. ಅದು ಮುಗಿದರೆ ತಾರೀಖು ತಪ್ಪುತ್ತದೆ, ಸೆಟ್ಟಿಂಗ್ ಮರೆತುಹೋಗುತ್ತದೆ. ನಡೆಯುತ್ತಿರುವ ಯಂತ್ರ ಆಫ್ ಆಗುವುದಕ್ಕೆ ಸಾಮಾನ್ಯವಾಗಿ ಅದು ಕಾರಣವಲ್ಲ.

ಉಬ್ಬಿದ ಕೆಪ್ಯಾಸಿಟರ್

2000ದಿಂದ 2007ರ ಸುಮಾರಿಗೆ ತಯಾರಾದ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಕಳಪೆ ಕೆಪ್ಯಾಸಿಟರ್‌ಗಳಿದ್ದವು. ಜಗತ್ತಿನಾದ್ಯಂತ ಅಂಥ ಬೋರ್ಡ್‌ಗಳು ಕೆಟ್ಟವು. ಸಿಪಿಯು ಸುತ್ತ ಇರುವ ಸಣ್ಣ ಸಿಲಿಂಡರ್‌ಗಳ ತಲೆ ನೋಡಿ. ಚಪ್ಪಟೆ ಇದ್ದರೆ ಸರಿ. ಉಬ್ಬಿದ್ದರೆ, ಬಿರಿದು ಕಂದು ಬಣ್ಣದ ಕಲೆ ಇದ್ದರೆ ಅಲ್ಲೇ ದೋಷ. ಟಿವಿ ರಿಪೇರಿ ಮಾಡುವ, ಬೆಸುಗೆಯಲ್ಲಿ ಕೈ ಪಳಗಿದವರು ಇದನ್ನು ಬದಲಿಸಬಲ್ಲರು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಸ್ವಲ್ಪ ಹೆಚ್ಚು, 105 ಡಿಗ್ರಿ ಎಂದು ಬರೆದಿರುವ ಲೋ ಇಎಸ್‌ಆರ್ ಬಗೆಯದೇ ಬೇಕು ಎಂದು ಹೇಳಿ. ಸಾಮಾನ್ಯ ಕೆಪ್ಯಾಸಿಟರ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಉಬ್ಬುತ್ತದೆ.

ಕೆಪ್ಯಾಸಿಟರ್ ಚೆನ್ನಾಗಿದ್ದರೂ ದೋಷ ಸಿಗದಿದ್ದರೆ ಮದರ್‌ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಟ್ಟು ಸಿಪಿಯು, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಲ್ಲೇ ನಡೆಸಿ. ಬೇರೆ ಡಿಸ್ಪ್ಲೇ ಕಾರ್ಡ್ ಇರುವ ಬೋರ್ಡ್ ಆದರೆ ಅದೂ ಬೇಕು. ಹೊರಗೆ ಚೆನ್ನಾಗಿ ನಡೆದು ಒಳಗೆ ಹಾಕಿದರೆ ಆಫ್ ಆಗುತ್ತದೆ ಎಂದರೆ ಬೋರ್ಡ್ ಹಿಂದೆ ಎಲ್ಲೋ ಒಂದು ಸ್ಕ್ರೂ ಬಿದ್ದು ಶಾರ್ಟ್ ಮಾಡುತ್ತಿದೆ. ಹೊರಗೂ ಆಫ್ ಆದರೆ ಬೋರ್ಡ್ ಮೇಲೆ ಹೆಚ್ಚು ಹಣ ಹಾಕಬೇಡಿ.

ಬೋರ್ಡೇ ಹೋಗಿದ್ದರೆ

ಆಗಲೂ ಹಾರ್ಡ್‌ಡಿಸ್ಕ್ ಬಹುತೇಕ ಚೆನ್ನಾಗಿಯೇ ಇರುತ್ತದೆ. ಅದನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಬೇರೆ ಯಂತ್ರಕ್ಕೆ ಜೋಡಿಸಬಹುದು. ಅಗಲ ಪಟ್ಟಿಯ ಕೇಬಲ್ ಇರುವ ಹಳೇ ಐಡಿಇ ಡಿಸ್ಕ್ ಆದರೆ ಅದಕ್ಕೆ ಬೇರೆ ಕನ್ವರ್ಟರ್ ಬೇಕು, ಕೊಳ್ಳುವಾಗ ಡಿಸ್ಕನ್ನೇ ಜೊತೆಗೆ ಒಯ್ಯಿರಿ. ಹಳೇ ಸಾಫ್ಟ್‌ವೇರ್ ಬಿಡಲು ಆಗದವರು ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕಿ. ಅದೇ ಮಾದರಿ ಸಿಕ್ಕರೆ ಹಳೇ ಡಿಸ್ಕ್ ಸಾಮಾನ್ಯವಾಗಿ ಹಾಗೇ ಬೂಟ್ ಆಗುತ್ತದೆ. ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಆನ್ ಮಾಡಿಸಿ, ಬಯಾಸ್ ಪುಟದಲ್ಲಿ ಒಂದು ಗಂಟೆ ಬಿಡಲು ಹೇಳಿ. ಪ್ಯಾರಲಲ್ ಪೋರ್ಟ್ ಇದೆಯಾ, ಕೆಪ್ಯಾಸಿಟರ್‌ಗಳ ತಲೆ ಚಪ್ಪಟೆಯಾಗಿವೆಯಾ ಎಂದೂ ಅಲ್ಲೇ ನೋಡಿಕೊಳ್ಳಿ.